ಮಳೆ ಬಂದರೆ ಹೊರಗೆ ಓಡುವ ಏಣಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎರಡಂತಸ್ತಿನ ಮನೆಯ ಸೂರಿನಿಂದ ಕೊಳೆತ ಎಲೆಯ ಮುದ್ದೆಯೊಂದು ಹಾರಿಬಂದು, ಪತ್ರಿಕೆಗೆ ಬರೆಯಲೆಂದು ಬಂದ ನನ್ನ ಕಾಲಬುಡದಲ್ಲಿ ಪಚಕ್ಕನೆ ಬೀಳುತ್ತದೆ. ಅದರ ಹಿಂದೆಯೇ ಮೇಲಿನಿಂದ ಒಂದು ದನಿ: "ಪೇಪರ್‌ನವ್ರೇ, ಒಂಚೂರು ಆಚೆ ನಿಂತ್ಕೊಳ್ಳಿ. ಮುಂದಿನದು ದೊಡ್ಡದಿದೆ!"

ಮುಂದಿನದು ನಿಜಕ್ಕೂ ದೊಡ್ಡದೇ. ನಾನು ಆಚೆ ಜಿಗಿದದ್ದನ್ನು ನೋಡಿ ಮೇಲಿರುವವರು ಮನಸಾರೆ ನಗುತ್ತಾರೆ. ಕೆಳಗೆ ಏಣಿ ಹಿಡಿದು ನಿಂತಿರುವ ಅವರ ಯಜಮಾನರು ಮಾತ್ರ ನಗುವುದಿಲ್ಲ. ಅವರ ಬಲಗಿವಿ ಗೋಡೆಯ ಪೈಪಿಗೆ ಅಂಟಿಕೊಂಡಿದೆ. ಮೇಲಿನಿಂದ ಒಂದು ಚೊಂಬು ನೀರು ಸುರಿಯುತ್ತದೆ. ಕಣ್ಣು ಮುಚ್ಚಿ ಕೇಳಿಸಿಕೊಂಡ ಅವರು ಕೂಗಿ ಹೇಳುತ್ತಾರೆ: "ಕೆಮ್ತಾ ಇದೆ ಕಣೇ! ಗಂಟಲಲ್ಲಿ ಇನ್ನೂ ಏನೋ ಇದೆ."

ಈಕೆಯೇ ಏಣಿಯಕ್ಕ. ವಯಸ್ಸು ಐವತ್ತೆಂಟು. ಸೂರಿನಂಚಿನ ಉದ್ದಕ್ಕೂ ಕಟ್ಟಿರುವ ತಗಡಿನ ದೋಣಿಗಳನ್ನು ಚೊಕ್ಕಟ ಮಾಡುವುದು, ಒಡೆದಲ್ಲಿ ಬೆಸೆಯುವುದು, ಜೋತುಬಿದ್ದಲ್ಲಿ ಎತ್ತಿಕಟ್ಟುವುದು ಇವರ ಕೆಲಸ. ಚಾವಣಿಯ ಮಳೆನೀರನ್ನೆಲ್ಲ ಹಿಡಿದು ಮೂಲೆಯ ಪೈಪಿಗೆ ಇಳಿಸುವ ಈ ದೋಣಿಯನ್ನು ನಾವು ನೀವು ಕತ್ತೆತ್ತಿ ನೋಡಿದ್ದೇ ಇಲ್ಲ. ಗೋಡೆ ಒದ್ದೆಯಾದ ಮೇಲೆ ಮಾತ್ರ ಅದರ ನೆನಪು. "ಬೆಂಕಿ ಬಿದ್ದಾಗ ಬಾವಿ ತೋಡೋರೇ ಎಲ್ಲಾ," ಎನ್ನುತ್ತಾರೆ ಏಣಿಯಕ್ಕ. "ಜೋರು ಮಳೇಲಿ ಫೋನ್ ಮಾಡಿ 'ಅಕ್ಕಾ, ಈಗಲೇ ಬನ್ನಿ' ಅಂತಾರೆ. ನಾನೇನು ಬಾತುಕೋಳಿನಾ?"

ಕಸುಬು ಮೂಲದಲ್ಲಿ ಯಜಮಾನರದು. ಅವರ ಅಪ್ಪನಿಂದ ಬಂದದ್ದು. ಆದರೆ ಅಪ್ಪನ ಧೈರ್ಯ ಮಗನಿಗೆ ಬರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಗಂಡನಿಗೆ ಊಟ ತೆಗೆದುಕೊಂಡು ಹೋದ ಹೊಸ ಹೆಂಡತಿ ಕಂಡದ್ದೇನು? ಏಣಿಯ ನಟ್ಟನಡುವೆ, ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಬರಲಾರದೆ, ಹಲ್ಲಿಯ ಹಾಗೆ ಅಂಟಿಕೊಂಡ ಗಂಡ. ಬುತ್ತಿಯನ್ನು ಕಲ್ಲಿನ ಮೇಲಿಟ್ಟು ಹತ್ತಿದರು. ಒಂದೊಂದೇ ಮೆಟ್ಟಿಲಿಗೆ ಅವರ ಕಾಲನ್ನು ಕೈಯಲ್ಲಿ ಹಿಡಿದಿಟ್ಟು ಇಳಿಸಿದರು. ಅರ್ಧ ಕೆಲಸ ಬಾಕಿ ಇತ್ತಲ್ಲ, ಅದನ್ನು ಮುಗಿಸಲು ತಾವೇ ಮೇಲೆ ಹೋದರು.

"ಮೇಲೆ ಗಾಳಿ ಎಷ್ಟು ಚೆನ್ನಾಗಿತ್ತು ಅಂತೀರಿ! ಇಷ್ಟು ದಿನ ಈ ಸುಖಾನೆಲ್ಲಾ ಇವ್ರೊಬ್ರೇ ಅನುಭವಿಸಿದ್ರಲ್ಲಾ ಅಂತ ಹೊಟ್ಟೆ ಉರೀತು."

"ಅನುಭವಿಸಿದ್ದು ಯಾರು?" ಯಜಮಾನರು ಪೈಪಿನಿಂದ ಕಿವಿ ತೆಗೆಯದೆ ಹೇಳುತ್ತಾರೆ. "ನಾನು ಕಣ್ಣು ಮುಚ್ಕೊಂಡೇ ಇದ್ದೆ."

ಅಂದಿನಿಂದ ಮೇಲೆ ಹೆಂಡತಿ, ಕೆಳಗೆ ಗಂಡ. ಬೀದಿಯವರು ಅವರನ್ನು ಕರೆಯುವುದೇ ಕೆಳಗಿನ ಯಜಮಾನರು ಎಂದು. ಆದರೆ ಅವರ ಕಿವಿಯನ್ನು ಹಗುರವಾಗಿ ಕಾಣುವಂತಿಲ್ಲ. ಪೈಪು ಕೆಮ್ಮಿದರೆ ಎಲೆ, ಗೊರಕೆ ಹೊಡೆದರೆ ಕೆಸರು, ಏನೂ ಅನ್ನದಿದ್ದರೆ ಚೆಂಡು. ಪಕ್ಕದ ಮೈದಾನದ ಎಷ್ಟೋ ಚೆಂಡುಗಳು ಇವರಿಬ್ಬರ ಕೈಯಿಂದಲೇ ಮಕ್ಕಳಿಗೆ ವಾಪಸ್ಸಾಗಿವೆ.

ವರ್ಷವಿಡೀ ಕೆಲಸ ಇರುತ್ತದೆಯೇ ಎಂದು ನಾನು ಕೇಳಿದ್ದೇ ತಪ್ಪಾಯಿತು. ಎಲೆ ಉದುರುವ ಕಾಲ ಒಂದು ಕಡೆಯಾದರೆ ಬಿಸಿಲುಗಾಲ ಇನ್ನೊಂದು ಕಡೆ. ಕಾದ ತಗಡು ಹಗಲು ಹಿಗ್ಗಿ ರಾತ್ರಿ ಕುಗ್ಗಿ, ಬೆಸುಗೆ ಬಾಯಿ ಬಿಡುತ್ತದೆ. "ಆಗ ತಗಡು ಮುಟ್ಟಿದ್ರೆ ಕಾವಲಿ ಮುಟ್ದಂಗೆ. ಅದಕ್ಕೇ ಬೆಳಕು ಹರಿಯೋಕೆ ಮುಂಚೆ ಹತ್ತೋದು." ಅದೇ ಹೊತ್ತಿಗೆ ಹಕ್ಕಿಗಳು ಹುಲ್ಲು ನಾರು ತಂದು ತುಂಬಿಸುತ್ತವೆ. ಮಳೆಗಾಲದಲ್ಲಿ ಎರಡು ಮಳೆಗಳ ನಡುವಿನ ಬಿಡುವಿನಲ್ಲೇ ಓಡಾಟ. ಚಳಿ ಬಂತೆಂದರೆ ಪಾಚಿ ಕೆರೆಯಬೇಕು, ತುಕ್ಕು ತಿಕ್ಕಬೇಕು, ಬಣ್ಣ ಬಳಿಯಬೇಕು. ಬೆರಳು ಮರಗಟ್ಟಿ ಕುಂಚ ಬಿದ್ದುಹೋಗುವುದೂ ಉಂಟು, ಅದು ಸಾಮಾನ್ಯವಾಗಿ ಯಜಮಾನರ ತಲೆಯ ಮೇಲೆ. ಒಮ್ಮೆ ಕಣಜದ ಗೂಡಿಗೆ ಕೈ ಹಾಕಿ ವಾರಪೂರ್ತಿ ಮುಖ ಕುಂಬಳಕಾಯಿಯಾಗಿತ್ತಂತೆ. "ಅವತ್ತೊಂದಿನ ಇವ್ರಿಗೆ ನನ್ನ ನೋಡಿದ್ರೆ ಭಯ ಆಯ್ತು ನೋಡಿ," ಎಂದು ನಗುತ್ತಾರೆ.

ಆದರೆ ಇವತ್ತು ಏಣಿಯಕ್ಕನ ನಗುವಿನ ಹಿಂದೆ ಒಂದು ದಿಗಿಲಿದೆ. ಮಾತಿನ ನಡುವೆ ಆಗಾಗ ಆಕಾಶ ನೋಡುತ್ತಾರೆ. ಮೋಡ ಕಟ್ಟುತ್ತಿದೆ. ವರ್ಷದ ಮೊದಲ ಮಳೆ ಇವತ್ತೇ ಬಂದೀತು. ಬಂದರೆ, ಇವರು ಇನ್ನು ಏಣಿ ಹತ್ತಬೇಕೋ ಬೇಡವೋ ಎಂಬುದೂ ಇವತ್ತೇ ತೀರ್ಮಾನವಾಗುತ್ತದೆ.

ಸಂಗತಿ ಹೋದ ವರ್ಷದ್ದು. ಹಿಂದಿನ ಬೀದಿಯಲ್ಲಿ ಒಬ್ಬ ಟೈಲರಮ್ಮ ಇದ್ದಾರೆ. ಮನೆಯ ಮೂಲೆಯ ಕೋಣೆಯೇ ಅವರ ಅಂಗಡಿ. ಅಲ್ಲಿ ದೋಣಿ ಚೊಕ್ಕಟ ಮಾಡುವ ದಿನ ಮೋಡ ಕವಿದಿತ್ತು. ಆತುರಕ್ಕೆ ಬಿದ್ದ ಏಣಿಯಕ್ಕ, ಗೋಡೆಗೆ ಆನಿಸಬೇಕಾದ ಏಣಿಯನ್ನು ನೇರ ದೋಣಿಯ ಅಂಚಿಗೇ ಆನಿಸಿಬಿಟ್ಟರು. ಕಸುಬಿಗೆ ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠವೇ ಅದು: ದೋಣಿಗೆ ಏಣಿ ಆನಿಸಬೇಡ. ಮೈಭಾರಕ್ಕೆ ತಗಡು ಬೆರಳಗಲ ಬಗ್ಗಿತು. ಕಣ್ಣಿಗೆ ಕಾಣದಷ್ಟು. ಮಳೆ ಬಂದಾಗ ನೀರು ಪೈಪಿನ ಕಡೆ ಹೋಗದೆ ಆ ತಗ್ಗಿನಲ್ಲಿ ನಿಂತು, ಹಿಂದಕ್ಕೆ ಉಕ್ಕಿ, ಗೋಡೆಯೊಳಗೆ ಇಳಿಯಿತು. ಹೊಲಿದಿಟ್ಟ ಬಟ್ಟೆಗಳೆಲ್ಲ ನೆನೆದು ಕಲೆಯಾದವು.

ಇದನ್ನು ಕಂಡುಹಿಡಿದವರೂ ಏಣಿಯಕ್ಕನೇ. ಮೊದಲ ಮಳೆಗೆ ಊರೆಲ್ಲ ಒಳಗೆ ಓಡಿದರೆ ಇವರು ಹೊರಗೆ ಓಡುತ್ತಾರೆ. ಚೊಂಬಿನ ನೀರು ಏನೇ ಹೇಳಲಿ, ಮಳೆ ಹೇಳುವುದೇ ಬೇರೆಯಂತೆ. ತಾವು ಮುಟ್ಟಿದ ಮನೆಗಳನ್ನೆಲ್ಲ ಬೀದಿಯಲ್ಲೇ ನಿಂತು ನೋಡಿಕೊಂಡು ಬರುತ್ತಾರೆ. ಹಾಗೆ ನೋಡುವಾಗ ಆ ಮೂಲೆಯಲ್ಲಿ ನೀರು ಉಕ್ಕುವುದು ಕಂಡಿತು. ಸುಮ್ಮನಿದ್ದಿದ್ದರೆ ತಪ್ಪು ಯಾರದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲೇ ಒಳಗೆ ಹೋಗಿ, "ತಪ್ಪು ನಂದೇ ಕಣಮ್ಮಾ" ಎಂದರು. ಟೈಲರಮ್ಮ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ, ಅವತ್ತು ಅದರರ್ಥ ಆಯ್ತು," ಎನ್ನುವಾಗ ದನಿ ತಗ್ಗುತ್ತದೆ.

ಬೈದವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಏಣಿಯಕ್ಕನ ಮಗಳು. "ಅಮ್ಮಾ, ಇವತ್ತು ಕೈ ತಪ್ಪಿದೆ, ನಾಳೆ ಕಾಲು ತಪ್ಪುತ್ತೆ. ಸಾಕು, ಇಳಿ." ವಾದ ಬೆಳೆದು ಕೊನೆಗೆ ಅಮ್ಮ ಮಗಳ ನಡುವೆ ಒಂದು ಕರಾರಾಯಿತು. ಆ ಮೂಲೆಯನ್ನು ಅಮ್ಮ ಹೊಸದಾಗಿ ಕಟ್ಟಲಿ. ಮುಂದಿನ ವರ್ಷದ ಮೊದಲ ಮಳೆಗೆ ಟೈಲರಮ್ಮನ ಗೋಡೆ ಒದ್ದೆಯಾದರೆ ಏಣಿ ಶೆಡ್ಡಿಗೆ, ಅಮ್ಮ ಮನೆಗೆ.

ಮಧ್ಯಾಹ್ನ ಮಳೆ ಬಂದೇಬಿಟ್ಟಿತು. ಹನಿಯಲ್ಲ, ಕೊಡದಲ್ಲಿ ಸುರಿದ ಹಾಗೆ. ಏಣಿಯಕ್ಕ ಛತ್ರಿ ಬಿಚ್ಚುತ್ತಲೇ ಬೀದಿಗಿಳಿದರು. ಹಿಂದೆ ಯಜಮಾನರು, ಅವರ ಹಿಂದೆ ಬೂಟು ತುಂಬ ನೀರು ತುಂಬಿಕೊಂಡ ನಾನು. ಟೈಲರಮ್ಮನ ಮನೆಯೆದುರು ನಿಂತು ಏಣಿಯಕ್ಕ ಕಣ್ಣು ಮಿಟುಕಿಸದೆ ಮೂಲೆ ನೋಡುತ್ತಿದ್ದಾರೆ. ಯಜಮಾನರ ಕಿವಿ ಆಗಲೇ ಪೈಪಿಗೆ ಅಂಟಿದೆ. ಅಷ್ಟರಲ್ಲಿ ಮಗಳೂ ಅಂಗಡಿಯಿಂದ ಓಡಿ ಬಂದಳು. ಒಳಗೆ ಹೋಗಿ ನೋಡು ಎಂದು ಅಮ್ಮನೇ ಅವಳನ್ನು ಕಳಿಸಿದರು. ತಾವು ಹೋಗಲಿಲ್ಲ.

ನಾನು ಮಗಳ ಹಿಂದೆ ಹೋದೆ. ಹೊಲಿಗೆ ಮಿಷನ್ನು ಅದೇ ಗೋಡೆಗೆ ಒತ್ತಿಕೊಂಡೇ ಇದೆ, ಪಕ್ಕದಲ್ಲಿ ಹೊಲಿದಿಟ್ಟ ಬಿಳಿ ಅಂಗಿಗಳ ರಾಶಿ. ಸರಿಸಿಡಬಾರದಿತ್ತೇ ಎಂದರೆ ಟೈಲರಮ್ಮ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಯಾಕೆ ಸರಿಸ್ಲಿ? ಅಕ್ಕ ಕಟ್ಟಿದಾರಲ್ಲ."

ಮಗಳು ಗೋಡೆಗೆ ಅಂಗೈ ಒತ್ತಿದಳು. ಸ್ಟೂಲು ಹತ್ತಿ ಸೂರಿನ ತನಕ ಸವರಿದಳು. ಅಂಗಿಯ ರಾಶಿಯ ಹಿಂದೆಯೂ ಕೈ ಹಾಕಿದಳು. ಕೊನೆಗೆ ಹೊರಗೆ ಬಂದು, ಮಳೆಯ ಸದ್ದಿಗೂ ಮೀರಿ ಕೂಗಿದಳು: "ಒದ್ದೆ ಇಲ್ಲ ಅಮ್ಮಾ! ಒಂಚೂರೂ ಒದ್ದೆ ಇಲ್ಲ!" ಸೋತವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿಲ್ಲ. ಮರುಕ್ಷಣವೇ ಮುಖ ಗಂಟು ಹಾಕಿಕೊಂಡು, "ಸೊಂಟಕ್ಕೆ ಹಗ್ಗ ಕಟ್ಕೊಂಡೇ ಹತ್ಬೇಕು. ಅದು ಮಾತ್ರ ಖಂಡಿತ," ಎಂದಳು.

"ಕಟ್ಕೋತೀನಿ ಮಾರಾಯ್ತಿ, ಕಟ್ಕೋತೀನಿ," ಎಂದ ಏಣಿಯಕ್ಕ ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟರು. ಛತ್ರಿ ಮಡಚಿಟ್ಟು ನನ್ನ ಕಡೆ ವಾಲಿ ಹೇಳಿದರು: "ಒದ್ದೆ ಆಗಿದ್ರೆ ಇಳೀತಿದ್ದೆ. ಮಾತು ಅಂದ್ಮೇಲೆ ಮಾತು. ಆದ್ರೆ ಇಳಿದು ಬೆಳಿಗ್ಗೆ ಎದ್ದು ಏನ್ ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ ನಂಗೆ. ತುಂಬಾ ಹೆದ್ರಿದ್ದೆ."

ಈಗೇನು ಆಸೆ ಎಂದು ಕೇಳಿದೆ. ಅವರು ಉತ್ತರಿಸುವ ಮುನ್ನ ಮತ್ತೊಮ್ಮೆ ಆ ಮೂಲೆಯತ್ತ ಕತ್ತೆತ್ತಿದರು. ತಗಡಿನ ದೋಣಿ ನೀರನ್ನೆಲ್ಲ ತೆಪ್ಪಗೆ ಪೈಪಿಗೆ ಇಳಿಸುತ್ತಿತ್ತು.

"ಇನ್ನೊಂಚೂರು ಜೋರಾಗಿ ಬರ್ಲಿ," ಎಂದರು. "ಇಷ್ಟು ಮಳೆ ಅದಕ್ಕೆ ಯಾವ ಲೆಕ್ಕ!"