ಮಿಯಾಪುರದವರೆಗೆ ಒಂದು ಪಕ್ಷ

ಜೀವನದಲ್ಲಿ ಒಮ್ಮೆ ಮಾತ್ರ ನಾನು ಸರ್ಕಾರವಾಗಿದ್ದೆ. ಅದೂ ಐದು ವಾರ, ನಾರಾಯಣಗೂಡದಿಂದ ಪಟಾನ್‌ಚೆರುವಿಗೆ ಹೋಗುವ ನಮ್ಮ ಔಷಧ ಕಾರ್ಖಾನೆಯ ಸ್ಟಾಫ್ ಬಸ್ಸಿನಲ್ಲಿ. ಸಾಕೋ ಸಾಕಾಗಿ ಹೋಯಿತು.

ಬಸ್ಸಿನ ಡ್ರೈವರ್ ಹುಮನಾಬಾದಿನವನು. ನಸುಕಿನ ನಾಲ್ಕಕ್ಕೆ ಎದ್ದು ಮೊದಲ ಪಾಳಿಯವರನ್ನು ಕಾರ್ಖಾನೆಗೆ ಮುಟ್ಟಿಸಿ, ರಾತ್ರಿ ಪಾಳಿಯವರನ್ನು ಮನೆಗೆ ಬಿಟ್ಟು, ಕುಳಿತ ಸೀಟಿನಿಂದ ಏಳದೆ ಏಳೂಕಾಲಿಗೆ ನಮ್ಮನ್ನು ಹತ್ತಿಸಿಕೊಳ್ಳುತ್ತಿದ್ದ. ಹಾಡು ಹಾಕಿದರೆ ಅವನಿಗೆ ಜೋಂಪು. ಒಮ್ಮೆ ಎರ್ರಗಡ್ಡದ ಹತ್ತಿರ ಹಳೆಯ ಹಿಂದಿ ಹಾಡೊಂದು ನಡೆದಿರುವಾಗ ಬಸ್ಸು ಡಿವೈಡರ್ ಹತ್ತಿ ಇಳಿದಿತ್ತು. ಅಂದಿನಿಂದ ಹಾಡು ಬಂದ್. ಮೊಬೈಲನ್ನು ಬಸ್ಸಿನ ಸ್ಪೀಕರಿಗೆ ಜೋಡಿಸಿ ಇಂಟರ್ನೆಟ್ ರೇಡಿಯೋದ ರಾಜಕೀಯ ಮಾತುಕತೆ ಹಾಕತೊಡಗಿದ. ಎಫ್‌ಎಂನಲ್ಲಿ ಅದೆಲ್ಲ ಸಿಗುವುದಿಲ್ಲ. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಹೇಳುವಂತಿಲ್ಲ ಎಂದು ಸರ್ಕಾರದ ನಿಯಮ. ಈ ನಿಯಮವನ್ನು ನಾನು ವರ್ಷಗಟ್ಟಲೆ ಬೈದವನು. "ಜನ ಏನು ಕೇಳಬೇಕು ಅಂತ ಹೇಳೋಕೆ ಇವರ್ಯಾರ್ರೀ?" ಎಂದು ಬಸ್ಸಿನಲ್ಲೇ ಭಾಷಣ ಬಿಗಿದವನು.

ಡ್ರೈವರನಿಗೆ ಯಾವ ಪಕ್ಷವೂ ಇರಲಿಲ್ಲ. "ಅವ್ರು ಏನ್ ಒದರ್ತಾರ ನನಗೇನ್ ತಿಳೀತದ್ರಿ ಸಾಹೇಬ್ರ," ಅಂದಿದ್ದ ಒಮ್ಮೆ. "ಒದರ್ತಿರಬೇಕ ನೋಡ್ರಿ, ಅಂದ್ರ ನಿದ್ದಿ ಬರಂಗಿಲ್ಲ."

ಆದರೆ ಕೇಳುವ ನಲವತ್ತು ಮಂದಿಗೆ ಪಕ್ಷಗಳಿದ್ದವಲ್ಲ! ಸರ್ಕಾರವನ್ನು ಹೊಗಳುವ ಕಾರ್ಯಕ್ರಮ ಹಾಕಿದರೆ ಅರ್ಧ ಬಸ್ಸು ಕುದಿಯುತ್ತಿತ್ತು, ತೆಗಳುವುದನ್ನು ಹಾಕಿದರೆ ಇನ್ನರ್ಧ. ಕೊನೆಗೆ ಯಾರೋ ಆಫೀಸಿಗೆ ದೂರು ಕೊಟ್ಟರು. ಎಚ್‌ಆರ್ ಸಾಹೇಬರು ನನ್ನನ್ನು ಕರೆದು ತೆಲುಗಿನಲ್ಲಿ, "ಬ್ಯಾಲೆನ್ಸ್ ಉಂಡಾಲಿ ಸಾರ್," ಎಂದರು. ಎರಡೂ ಕಡೆಗೆ ಸಮಪಾಲು ಇರಬೇಕು, ನೀವು ಕ್ವಾಲಿಟಿ ಕಂಟ್ರೋಲಿನವರು, ಅಳತೆ ಗೊತ್ತಿದ್ದವರು, ನೀವೇ ನೋಡಿಕೊಳ್ಳಿ ಎಂದು ಅಪ್ಪಣೆಯಾಯಿತು. ಇನ್ನೊಂದು ದೂರು ಬಂದರೆ ಡ್ರೈವರನನ್ನು ಬದಲಾಯಿಸುವುದಾಗಿಯೂ ಹೇಳಿದರು. ಅವನ ಇಬ್ಬರು ಹೆಣ್ಣುಮಕ್ಕಳು ಇಲ್ಲೇ ಸ್ಕೂಲಿಗೆ ಹೋಗುತ್ತಿದ್ದರು. ಈ ಬಸ್ಸಿನ ಕೆಲಸ ತಪ್ಪಿದರೆ ಸಂಸಾರ ಸಮೇತ ಊರಿಗೆ ಮರಳುವುದೇ.

ನಾನು ಜಂಬದಿಂದಲೇ ಒಪ್ಪಿಕೊಂಡೆ. ಮಿಯಾಪುರದ ಸಿಗ್ನಲ್ ನಮ್ಮ ದಾರಿಯ ಹೆಚ್ಚುಕಡಿಮೆ ನಡುಮಧ್ಯ. ಅಲ್ಲಿಯವರೆಗೆ ಹೊಗಳುವವರು, ಅಲ್ಲಿಂದ ಮುಂದೆ ತೆಗಳುವವರು. ಇದಕ್ಕಿಂತ ನ್ಯಾಯ ಎಲ್ಲಿದೆ?

ಎರಡನೆಯ ದಿನವೇ ಗಲಾಟೆ. ಕೂಕಟ್‌ಪಲ್ಲಿಯ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಬಿದ್ದು ಹೊಗಳುವವರಿಗೆ ಐವತ್ತು ನಿಮಿಷ ದಕ್ಕಿತು, ಖಾಲಿ ರಸ್ತೆಯಲ್ಲಿ ತೆಗಳುವವರಿಗೆ ಇಪ್ಪತ್ತೈದೇ. ಸಮಪಾಲು ಅಂದರೆ ಕಿಲೋಮೀಟರೋ ನಿಮಿಷವೋ? ವಾರಕ್ಕೊಮ್ಮೆ ಸರದಿ ಬದಲಿಸಿದೆ. ಆಗ ಮಿಯಾಪುರದಲ್ಲಿ ಹತ್ತುವವರು, "ನಮಗ ಒಂದ ಕಡೀದ ಕೇಳಸ್ತೀರಿ," ಎಂದು ತಗಾದೆ ತೆಗೆದರು. ಒಬ್ಬರಂತೂ ತಮಗೆ ಬೇಕಾದ ಪಕ್ಷ ಕೇಳಲೆಂದೇ ಎರಡು ಸ್ಟಾಪ್ ಹಿಂದಕ್ಕೆ ಆಟೋದಲ್ಲಿ ಹೋಗಿ ಹತ್ತಿದರು, ಪುಣ್ಯಾತ್ಮರು! ಕೊನೆಗೆ ಇಬ್ಬರಿಗೂ ಸಮ ನಿಮಿಷ ಹಂಚಲೆಂದು ಡ್ರೈವರನ ಮೊಬೈಲನ್ನು ನನ್ನ ಕೈಗೆ ತೆಗೆದುಕೊಂಡೆ, ಲ್ಯಾಬಿನ ಸ್ಟಾಪ್‌ವಾಚ್ ತಂದು ಕುತ್ತಿಗೆಗೆ ಹಾಕಿಕೊಂಡೆ. ಮನೆಯಲ್ಲಿ ಹೆಂಡತಿ ಅದನ್ನು ನೋಡಿ, "ಇದೊಂದು ಕಡಿಮಿ ಆಗಿತ್ತು," ಎಂದಳು.

ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಕಾಡಿದವರು ರಾಯಚೂರಿನವರೊಬ್ಬರು. ನಮ್ಮ ಸ್ಟೋರ್ಸಿನವರು, ಸನತ್‌ನಗರದಲ್ಲಿ ಹತ್ತುವವರು. ಹನ್ನೊಂದು ವರ್ಷ ಅವರಿಗಾಗಿ ನನ್ನ ಪಕ್ಕದ ಸೀಟಿಗೆ ಕರ್ಚೀಫು ಹಾಸಿದ್ದೇನೆ. ಅವರ ಡಬ್ಬಿಯ ಶೇಂಗಾ ಚಟ್ನಿ ತಿಂದಿದ್ದೇನೆ. ಅವರು ಸರ್ಕಾರದ ಪರ, ನಾನು ವಿರುದ್ಧ. ಅದಕ್ಕಾಗಿ ಒಂದು ದಿನವೂ ಮುನಿಸಿಕೊಂಡವರಲ್ಲ. ಆದರೆ ಐದನೆಯ ವಾರ ಅವರ ಮೆಚ್ಚಿನ ಮಾತುಗಾರ ಏನೋ ಗಹನವಾದದ್ದನ್ನು ಹೇಳಹೊರಟು, "ಇದಕ್ಕೆ ಮುಖ್ಯ ಕಾರಣವೇನೆಂದರೆ..." ಎನ್ನುವಾಗ ಅವನ ಪಾಲಿನ ನಿಮಿಷ ಮುಗಿಯಿತು. ಕಟ್ ಮಾಡಿಬಿಟ್ಟೆ.

"ಒಂದ್ ಮಾತು ಮುಗಿಸಾಕ ಬಿಡಬಾರದೇನ್ರಿ?" ಅವರ ಮುಖ ಕೆಂಪಾಗಿತ್ತು.

"ನಿಯಮ ಅಂದ್ರ ನಿಯಮರಿ."

"ನಿಮ್ಮವ್ರಿಗೆ ನಿನ್ನೆ ಮಾತು ಮುಗಿಸಾಕ ಬಿಟ್ರಿ. ನಾ ನೋಡೀನಿ. ಸೋಮವಾರ ಕಂಪ್ಲೇಂಟ್ ಕೊಡ್ತೀನಿ."

ಖರೇ ಹೇಳುತ್ತೇನೆ, ಅವರು ಹೇಳಿದ್ದು ಸುಳ್ಳಲ್ಲ. ನನ್ನ ಕಡೆಯವರು ಮಾತಾಡುವಾಗ ನನ್ನ ಹೆಬ್ಬೆರಳು ನಿಧಾನವಾಗುತ್ತಿತ್ತು. ಅದು ಗೊತ್ತಿದ್ದೇ ನನಗೆ ಇನ್ನಷ್ಟು ಸಿಟ್ಟು ಬಂತು. ಮರುದಿನ ಅವರು ನನ್ನ ಕರ್ಚೀಫಿನತ್ತ ತಿರುಗಿಯೂ ನೋಡದೆ ಡ್ರೈವರನ ಹಿಂದಿನ ಸೀಟಿಗೆ ಹೋಗಿ ಕೂತರು. ನಾನು ಕರ್ಚೀಫು ಮಡಚಿ ಜೇಬಿಗಿಟ್ಟೆ.

ದೂರು ಹೋದರೆ ಡ್ರೈವರನ ಕೆಲಸ ಹೋಗುತ್ತದೆ. ಹಾಗಾಗಿ ಎಲ್ಲ ಸರ್ಕಾರಗಳೂ ದಿಕ್ಕು ತೋಚದಾಗ ಮಾಡುವುದನ್ನೇ ನಾನೂ ಮಾಡಿದೆ. ಸ್ಪೀಕರ್ ಪೂರ್ತಿ ಬಂದ್! ಯಾರ ಪರವೂ ಇಲ್ಲ, ಯಾರ ವಿರುದ್ಧವೂ ಇಲ್ಲ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ಸಾಹೇಬ್ರ, ಏನರ ಸ್ವಲ್ಪ..." ಎಂದ. ನಾನು ಇಲ್ಲವೆಂದು ತಲೆಯಲ್ಲಾಡಿಸಿದೆ. ಅವನು ಯಾಕೆ ಕೇಳುತ್ತಿದ್ದಾನೆ ಎಂಬುದೇ ನನಗೆ ಮರೆತುಹೋಗಿತ್ತು ನೋಡಿ, ಅಧಿಕಾರದ ಅಮಲು.

ಬಸ್ಸು ಗಪ್‌ಚಿಪ್. ಮಿಯಾಪುರ ದಾಟಿತು, ರಸ್ತೆ ಬಿಚ್ಚಿಕೊಂಡಿತು, ವೇಗ ಏರಿತು. ಕಿಟಕಿಗೆ ತಲೆಕೊಟ್ಟು ಅರ್ಧ ಬಸ್ಸು ನಿದ್ದೆ ಹೋಯಿತು. ಡ್ರೈವರನೂ ಹೋದ. ಒಮ್ಮೆಲೇ ರಾಯಚೂರಿನವರು, "ಏಯ್! ಟ್ಯಾಂಕರ್! ಟ್ಯಾಂಕರ್!" ಎಂದು ಕಿರುಚಿದರು. ಬ್ರೇಕು ಬಿದ್ದ ಹೊಡೆತಕ್ಕೆ ನನ್ನ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿಯಿತು. ಟ್ಯಾಂಕರಿನ ಹಿಂಬದಿ ಎರಡೇ ಗೇಣು ದೂರ. ಅಯ್ಯೋ ಶಿವನೇ!

ಪಕ್ಕಕ್ಕೆ ನಿಲ್ಲಿಸಿ ಡ್ರೈವರನಿಗೆ ಮುಖ ತೊಳೆಸಿ, ಎರಡು ಚಹಾ ಕುಡಿಸಿದೆವು. ಮತ್ತೆ ಸ್ಟೇರಿಂಗ್ ಹಿಡಿದು ನಮ್ಮ ಕಡೆ ತಿರುಗಿದ. "ಯಾರರ ಏನರ ಮಾತಾಡ್ರೆಪಾ. ಕೈ ಮುಗೀತೀನಿ. ಸುಮ್ಮ ಕುಂದರಬ್ಯಾಡ್ರಿ."

ಆಗ ರಾಯಚೂರಿನವರು ಗಂಟಲು ಸರಿಮಾಡಿಕೊಂಡು, ಗಾಳಿಗೆ ಹೇಳುವವರಂತೆ, "ಈ ಸರ್ಕಾರ ಬಂದಮ್ಯಾಲೆ ರೋಡ್ ಭಾಳ ಛಲೋ ಆಗ್ಯಾವ ಬಿಡ್ರಿ," ಎಂದರು.

ಹಣೆಯಲ್ಲಿ ಬುಗುಟೆ ಎದ್ದವನು ಸುಮ್ಮನಿರಲು ಸಾಧ್ಯವೇ? "ಯಾವ ರೋಡ್ರೀ? ಮೊನ್ನೆ ಮಿಯಾಪುರದ ತಗ್ಗಿನ್ಯಾಗ ನನ್ನ ನಡ ಮುರೀತು!"

"ತಗ್ಗು ಹಿಂದಿನವ್ರು ಮಾಡಿದ್ದರಿ!"

"ಹಿಂದಿನವ್ರು ಬಂದು ರಾತ್ರಿ ತೋಡಿ ಹೋಗ್ತಾರೇನು?"

ಅಷ್ಟೇ, ಇಡೀ ಬಸ್ಸು ಎದ್ದಿತು. ಪಟಾನ್‌ಚೆರು ಗೇಟಿನವರೆಗೆ ನಲವತ್ತು ಮಂದಿ ಕನ್ನಡ, ತೆಲುಗು, ಹಿಂದಿಯಲ್ಲಿ ಒಟ್ಟಿಗೇ ಒದರಿದೆವು. ಡ್ರೈವರ್ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಿಸಿದ.

ಸೋಮವಾರ ಎಚ್‌ಆರ್ ಸಾಹೇಬರು ಬ್ಯಾಲೆನ್ಸ್ ಹೇಗಿದೆ ಎಂದು ಕೇಳಿದರು. ದೂರು ಬಂದಿರಲಿಲ್ಲ. ಡ್ರೈವರನಿಗೆ ನಸುಕಿನ ಟ್ರಿಪ್ ಒಂದನ್ನಾದರೂ ಕಡಿಮೆ ಮಾಡಿ ಎಂದೆ. ನೋಡೋಣ ಎಂದರು. ಆ 'ನೋಡೋಣ' ಇನ್ನೂ ನಡೆದಿದೆ. ಸ್ಟಾಪ್‌ವಾಚನ್ನು ಲ್ಯಾಬಿಗೆ ಮರಳಿಸಿ ಸರ್ಕಾರ ವಿಸರ್ಜಿಸಿದೆ.

ಮರುದಿನ ಬೆಳಿಗ್ಗೆ ಪಕ್ಕದ ಸೀಟಿಗೆ ಕರ್ಚೀಫು ಹಾಸಿದೆ. ಸನತ್‌ನಗರದಲ್ಲಿ ರಾಯಚೂರಿನವರು ಹತ್ತಿದರು, ಒಂದು ಗಳಿಗೆ ನಿಂತರು, ಕರ್ಚೀಫು ಎತ್ತಿ ನನ್ನ ಕೈಗಿಟ್ಟು ಕೂತರು. ಸ್ಪೀಕರ್ ಇನ್ನೂ ಬಂದ್ ಇತ್ತು. ಮೂಸಾಪೇಟೆಯ ಹತ್ತಿರ ಕನ್ನಡಿಯಲ್ಲಿ ಡ್ರೈವರ್ ದೊಡ್ಡದಾಗಿ ಆಕಳಿಸಿದ್ದು ಇಬ್ಬರಿಗೂ ಕಂಡಿತು. ಅವರು ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದರು.

"ನೀವು ಹೇಳೂದೆಲ್ಲಾ ಸುಳ್ಳ ಐತ್ರಿ," ಎಂದರು. "ಆದ್ರ ಜೋರಾಗಿ ಹೇಳ್ರಿ."