ಜಾಡಿಯ ಅಂಚಿನ ಕೊಬ್ಬರಿ ಎಣ್ಣೆ

ಸರೋಜಾ, ಅಂದು ತಪ್ಪಿದ್ದು ನಿನ್ನ ಕೈಯಲ್ಲ, ನನ್ನದು. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಸುಮ್ಮನಿದ್ದೆ ಎನ್ನುವುದೂ ಸುಳ್ಳು, ಅದಕ್ಕಿಂತ ಹೆಚ್ಚಿನದನ್ನೇ ಮಾಡಿದೆ.

ಎಂಬತ್ತರ ದಶಕದ ತಿಪಟೂರು. ಕೊಬ್ಬರಿ ಮಂಡಿಯ ಹಿಂದಿನ ನಮ್ಮ ಎರಡು ಕೋಣೆಯ ಪ್ರಯೋಗಾಲಯ, ಹೊತ್ತುಗೊತ್ತಿಲ್ಲದೆ ಕೈಕೊಡುವ ಕರೆಂಟು, ಮಾತೆತ್ತಿದರೆ ವರದಿ ಕೇಳುವ ನಮ್ಮ ಮೇಲಿನ ಡಾಕ್ಟರು. ಹೊನ್ನವಳ್ಳಿಯಲ್ಲಿ ಕಾಯಿ ಕೀಳುತ್ತಿದ್ದ ರಂಗಜ್ಜನಿಗೆ ಮಲೇರಿಯಾ ಎಷ್ಟು ಸಲ ಬಂದು ಹೋಗಿತ್ತೋ. ಆತನ ರಕ್ತದ ಬಿಳಿಕಣಗಳು ಮಲೇರಿಯಾ ರೋಗಾಣುವನ್ನು ಕೊಲ್ಲುತ್ತವೆಯೇ — ನಮ್ಮ ಪ್ರಶ್ನೆ ಇಷ್ಟೇ. ಒಂದು ಗಾಜಿನ ತಟ್ಟೆಯಲ್ಲಿ ರೋಗಾಣು ಮಾತ್ರ. ಇನ್ನೊಂದರಲ್ಲಿ ಅದರ ಜೊತೆ ಅಜ್ಜನ ಬಿಳಿಕಣ. ಮುಚ್ಚಿದ ಜಾಡಿಯೊಳಗೆ ಮೇಣದಬತ್ತಿ ಉರಿದು ಆರಿದಾಗ ಆಮ್ಲಜನಕ ಕಡಿಮೆಯಾಗುತ್ತದೆ; ಆ ಗಾಳಿಯಲ್ಲೇ ರೋಗಾಣು ಬೆಳೆಯಬೇಕು. ಹೊರಗಿನ ಗಾಳಿ ನುಗ್ಗಿದರೆ ಬಿಳಿಕಣದ ಹಂಗಿಲ್ಲದೆ ಸಾಯುತ್ತದೆ.

ನಾನು ಎರಡು ತಟ್ಟೆಗಳನ್ನು ಎರಡು ಜಾಡಿಯಲ್ಲಿಟ್ಟೆ. ಗಾಳಿ ನುಗ್ಗದಂತೆ ಮೊದಲ ಜಾಡಿಯ ಮುಚ್ಚಳಕ್ಕೆ ಬಳಿಯುವಷ್ಟರಲ್ಲಿ ಗ್ರೀಸ್ ಮುಗಿಯಿತು. ಹೊಸದು ಬರುವವರೆಗೆ ಯಾರು ಕಾಯುತ್ತಾರೆ? ಮನೆಯಿಂದ ತಂದ ಕೊಬ್ಬರಿ ಎಣ್ಣೆ ಮೇಜಿನ ಮೇಲೆ ಚಳಿಗೆ ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು. ಅಜ್ಜನ ಬಿಳಿಕಣವಿದ್ದ ಜಾಡಿಗೆ ಅದನ್ನೇ ಬಳಿದೆ. ಜಾಡಿಗಳನ್ನಿಡುವ, ಮೈಯಷ್ಟೇ ಬಿಸಿಯಿರುವ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿ ಅದು ಕರಗುತ್ತದೆಂದು ತೆಂಗಿನ ಸೀಮೆಯಲ್ಲೇ ಹುಟ್ಟಿದ ನನಗೆ ಹೊಳೆಯಲಿಲ್ಲ. ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಮೂರನೆಯ ದಿನ ಆ ತಟ್ಟೆಯಲ್ಲಿ ರೋಗಾಣುಗಳೆಲ್ಲ ಸತ್ತಿದ್ದವು. ಡಾಕ್ಟರು ನನ್ನ ಬೆನ್ನು ತಟ್ಟಿ, ಆಗಲೇ ಬೆಂಗಳೂರಿಗೆ ಫೋನ್ ಮಾಡಿದರು. ಮಧ್ಯಾಹ್ನ ಜಾಡಿ ತೊಳೆಯುವಾಗ ಅಂಚಿನಿಂದ ಇಳಿದ ಎಣ್ಣೆ ಬೆರಳಿಗೆ ಹತ್ತಿತು. ಎಲ್ಲ ಅರ್ಥವಾಯಿತು: ರೋಗಾಣುವನ್ನು ಕೊಂದದ್ದು ಅಜ್ಜನ ಬಿಳಿಕಣವಲ್ಲ, ಎಣ್ಣೆ ಕರಗಿ ನುಗ್ಗಿದ ಗಾಳಿ. ಜಾಡಿಯನ್ನು ಸೋಪು ಹಾಕಿ ಇನ್ನೊಮ್ಮೆ ತೊಳೆದೆ.

ಅದೇ ಪ್ರಯೋಗವನ್ನು ಮತ್ತೆ ಮಾಡಿ ತೋರಿಸುವ ಕೆಲಸ ನಿನ್ನ ಪಾಲಿಗೆ ಬಂತು. ನೀನು ಮಾಡಿದೆ, ಮತ್ತೆ ಮತ್ತೆ ಮಾಡಿದೆ. ಎರಡೂ ತಟ್ಟೆಗಳಲ್ಲಿ ರೋಗಾಣು ಒಂದೇ ಸಮ ಬೆಳೆಯಿತು. ಡಾಕ್ಟರು ಸಿಡುಕಿದರು. ಪಾಪ, ರಂಗಜ್ಜ ಪ್ರತಿ ಸಲವೂ ರಕ್ತ ಕೊಡಲು ತೋಳು ಚಾಚಿದ. ಕೊನೆಗೆ ನೀನು ಡಾಕ್ಟರ ಎದುರಿಗೇ ನನ್ನನ್ನು ಕೇಳಿದೆ: “ಶಿವಣ್ಣ, ನಾನು ಎರಡು ತಟ್ಟೇನೂ ಒಂದೇ ಜಾಡೀಲಿ ಇಡ್ತೀನಿ. ನೀವು ಹೆಂಗಿಟ್ಟಿದ್ರಿ?”

ನಿಜಕ್ಕೆ ಅಷ್ಟು ಹತ್ತಿರ ಬಂದಿದ್ದೆ ನೀನು!

“ಜಾಡಿದೇನಿಲ್ಲ ಕಣಮ್ಮ. ನಿನ್ ಕೈನೇ ಸರಿಯಿಲ್ಲ, ಬುಡು,” ಎಂದೆ.

ಡಾಕ್ಟರು ಆ ಮಾತನ್ನೇ ಹಿಡಿದರು. ಮುಂದಿನ ತಿಂಗಳು ನೀನು ಕೆಲಸ ಬಿಟ್ಟು ತುರುವೇಕೆರೆಗೆ ಹೋದೆ. ನಾನು ಉಳಿದೆ, ಬಡ್ತಿಯನ್ನೂ ಪಡೆದೆ — ಥೂ.

ಮೊನ್ನೆ ಮಾಯಸಂದ್ರದ ನಾಮಕರಣದಲ್ಲಿ ನಿನ್ನನ್ನು ನೋಡಿದೆ. ಜ್ವರದ ಮೊಮ್ಮಗಳಿಗೆ ಹಾಕಲು ನಿನ್ನ ಸೊಸೆ ಔಷಧಿಯ ಬಾಟಲಿ ಕೊಟ್ಟಳು. ನೀನದನ್ನು ಹಿಂದಿರುಗಿಸಿ, “ನೀನೇ ಅಳೆದು ಹಾಕವ್ವ, ನನ್ ಕೈ ಸರಿಯಿಲ್ಲ,” ಎಂದೆ. ಸುತ್ತಲಿದ್ದವರು ನಕ್ಕರು. ನೀನು ನಗಲಿಲ್ಲ. ನಾನು ಊಟಕ್ಕೆ ಕೂರದೆ ಬಸ್ಸು ಹತ್ತಿದೆ.

ಡಾಕ್ಟರಿಗೂ ಇದನ್ನೆಲ್ಲ ಬರೆದು ಕಳಿಸಿದ್ದೇನೆ. ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಒಳಗೆ ಕರೆಯಬೇಕೆಂದೇನಿಲ್ಲ, ನಿನ್ನ ಸೊಸೆಯನ್ನು ಬಾಗಿಲಿಗೆ ಕರೆ, ಸಾಕು. “ನಿನ್ನ ಅತ್ತೆಯ ಕೈ ಸರಿಯಾಗಿತ್ತು” ಎಂದು ಆಕೆಗೆ ಹೇಳಿ ಹೋಗುತ್ತೇನೆ.