ಪಾಚಿ ಹಿಡಿಯದ ಕಲ್ಲು

ಬದುವಿನ ಕಲ್ಲು ಒಂದು ಗೇಣು ಸರಿದರೆ ಅಣ್ಣತಮ್ಮಂದಿರು ಮಾತು ಬಿಡುವ ಊರು ನಮ್ಮದು, ದುದ್ದದ ಹತ್ತಿರ. ನಾನು ಸರ್ವೆಯರ್ ಆದಾಗ ಅಪ್ಪ ಹರಸಿದ್ದೇ ಹೀಗೆ: "ಕಲ್ನ ನಂಬು ಕಣ್ಲಾ, ಕಲ್ ನೆಟ್ಟೋನ್ನ ನಂಬಬ್ಯಾಡ." ಮದ್ದೂರು, ಮಳವಳ್ಳಿ ಕಡೆಯ ಜಮೀನು ಅಳೆದು ಅಳೆದು ನನಗೂ ಅದೇ ಕಣ್ಣು ಬಂತು. ಬುಡ ನೋಡಿದರೆ ಸಾಕು, ಕಲ್ಲು ಎಷ್ಟು ಮಳೆ ಕಂಡಿದೆ ಎಂದು ಹೇಳಬಲ್ಲೆ.

ಹೋದ ವರ್ಷ ಕೊಳ್ಳೇಗಾಲದಾಚೆಯ ಬೆಟ್ಟಕ್ಕೆ ಕಳಿಸಿದರು. ಅಲ್ಲಿನ ಸೋಲಿಗರು ಕಾಡಿನ ಮೇಲೆ ತಮ್ಮ ಹಕ್ಕು ಕೇಳಿ ಅರ್ಜಿ ಹಾಕಿದ್ದರು. ಅವರು ತೋರಿಸುವ ಜಾಗಗಳು ನಿಜಕ್ಕೂ ಹಳೆಯವೇ ಎಂದು ನೋಡಿ ನಕ್ಷೆಗೆ ಏರಿಸುವುದು ನನ್ನ ಕೆಲಸ. ನಾನು ಒಪ್ಪದಿದ್ದರೆ ಆ ಜಾಗಕ್ಕೆ ಹೋಗಲು ಅವರು ಮುಂದೆ ಯಾರ್ಯಾರನ್ನೋ ಅಂಗಲಾಚಬೇಕು.

ದಾರಿ ತೋರಿಸಲು ಒಬ್ಬ ಅಜ್ಜಿ ಬಂದಳು. ಲಂಟಾನ ಪೊದೆ ಸರಿಸುತ್ತ ನಡೆದಳು, ಆಗಾಗ ತಿರುಗಿ ನನ್ನನ್ನು ನೋಡಿದಳು. ನಾನು ದಣಿದು, ನೋಡದೆಯೇ ಸಹಿ ಹಾಕಲಿ ಅಂತ ಸುತ್ತಾಡಿಸುತ್ತಿದ್ದಾಳೆ ಅಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಕೊನೆಗೆ ಒಂದು ಮರದಡಿ ನಿಂತಳು. ಸಾಲಾಗಿ ಕಲ್ಲುಗಳಿದ್ದವು. "ನಮ್ಮ ಕುಲದ ಕಲ್ಲುಗುಡಿ. ಹಿರೀಕರೆಲ್ಲ ಇಲ್ಲೇ ಅವ್ರೆ" ಎಂದಳು. ಹೆಚ್ಚಿನವು ಪಾಚಿ ಹಿಡಿದು ಅರ್ಧ ಹೂತುಹೋಗಿದ್ದವು. ತುದಿಯದೊಂದು ಮಾತ್ರ ಈಗ ತಾನೇ ತೊಳೆದಿಟ್ಟಂತಿತ್ತು. ಬುಡದ ಮಣ್ಣು ಇನ್ನೂ ಸಡಿಲ. ಸಿಕ್ಕಿಬಿದ್ದಳು ಅಂದುಕೊಂಡೆ. ನಿಜ ಹೇಳಬೇಕೆಂದರೆ, ನನಗೆ ಖುಷಿಯೇ ಆಯಿತು. ಅಲ್ಲೇ ನಿಂತು ಶಾಯಿಯಲ್ಲಿ ಬರೆದೆ: 'ಈಚೆಗೆ ತಂದಿಟ್ಟ ಕಲ್ಲು. ಜಾಗ ಸಂಶಯಾಸ್ಪದ.'

ಬರೆದಾದ ಮೇಲೆ ಗದರಿದೆ: "ಈ ಕಲ್ನ ಯಾವಾಗ ಇಟ್ಟಿದ್ದಜ್ಜಿ? ನಿಜ ಏಳು."

"ಮೊನ್ನೆ, ಮಳೆ ಸುರುವಾದಾಗ."

ಇಷ್ಟು ಸಲೀಸಾಗಿ ಒಪ್ಪಿಕೊಂಡಾಳೆಂದು ನಾನು ಎಣಿಸಿರಲಿಲ್ಲ. "ಯಾಕೆ?" ಎಂದೆ.

"ಸತ್ತೋರಿಗೆ ಒಬ್ಬೊಬ್ಬರಿಗೂ ಒಂದೊಂದು ಕಲ್ಲು ಕಣಪ್ಪ. ಇದು ನನ್ನ ಮಗಳು."

ಕೂತು, ಕಲ್ಲಿನ ಮೇಲೆ ಬಿದ್ದಿದ್ದ ಎಲೆಯೊಂದನ್ನು ತೆಗೆದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಬರೆದ ಸಾಲನ್ನು ಹೊಡೆದು ಹಾಕಿ, ಕಲ್ಲುಗುಡಿಯನ್ನು ಪೂರ್ತಿ ನಕ್ಷೆಗೆ ಏರಿಸಿದೆ. ಹೊಡೆದ ಸಾಲಿನ ಪಕ್ಕ ಜಾಗ ತೋರಿಸಿದವರ ಹೆಬ್ಬೆಟ್ಟು ಬೇಕು, ಇಲ್ಲದಿದ್ದರೆ ಮೇಲಿನವರು ಅನುಮಾನ ಪಡುತ್ತಾರೆ. ಹಾಳೆ ಚಾಚಿದೆ. ಏನು ಬರೆದಿದ್ದೆ, ಯಾಕೆ ಹೊಡೆದೆ ಎಂದು ಅವಳು ಕೇಳಲೇ ಇಲ್ಲ. ಮಣ್ಣಾಗಿದ್ದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಎಲ್ಲಿ ಒತ್ತಲಪ್ಪ?" ಎಂದಳು.